ಸುಗ್ಗಿಯ ಹಣ, ವರ್ಷದ ಖರ್ಚು: ನನ್ನಿವಾಳ ಸೀಮೆಯ ಮನೆ ಬಜೆಟ್

ಆದಾಯ ಮೀರಿ ಖರ್ಚು ಮಾಡಿ, ಕೊರತೆಯನ್ನು ಸಾಲದಿಂದ ತುಂಬುವುದು ಅತಿಖರ್ಚು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮತ್ತು ಸುತ್ತಲ ಹಟ್ಟಿಗಳಲ್ಲಿ, ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಇದಕ್ಕೆ ದುಂದುಗಾರಿಕೆಗಿಂತ ದೊಡ್ಡ ಕಾರಣವಿದೆ. ಖರ್ಚು ತಿಂಗಳು ತಿಂಗಳೂ ಬರುತ್ತದೆ; ಬೆಳೆಯ ದುಡ್ಡು ವರ್ಷಕ್ಕೊಮ್ಮೆ.

ಇಲ್ಲಿನ ಬಹಳಷ್ಟು ಹೊಲಗಳು ಮಳೆಯನ್ನೇ ನಂಬಿವೆ. ಜೂನ್-ಜುಲೈನಲ್ಲಿ ಬಿತ್ತಿದ ಶೇಂಗಾವನ್ನು ಅಕ್ಟೋಬರ್-ನವೆಂಬರ್‌ನಲ್ಲಿ ಕೀಳುತ್ತಾರೆ. ಕಾಯಿ ಬಿಡಿಸಿ, ಒಣಗಿಸಿ, ಚೀಲ ತುಂಬಿ ಚಳ್ಳಕೆರೆ ಮಾರುಕಟ್ಟೆಗೆ ಒಯ್ದ ದಿನ ಕೈಗೆ ಬಂದ ಮೊತ್ತ ದೊಡ್ಡದಾಗಿ ಕಾಣುತ್ತದೆ. ಬೀಜ-ಗೊಬ್ಬರದ ಬಾಕಿ, ಅಂಗಡಿಯ ಉದ್ರಿ, ಕೈಸಾಲದ ಬಡ್ಡಿ ಎಲ್ಲವೂ ಅದರೊಳಗೇ ಇರುತ್ತವೆ. ಗೌರಸಮುದ್ರ ಮಾರಮ್ಮನ ಜಾತ್ರೆ ಭಾದ್ರಪದದಲ್ಲಿ, ಕಾಯಿ ಇನ್ನೂ ನೆಲದೊಳಗಿರುವಾಗಲೇ ಬರುತ್ತದೆ. ನೆಂಟರ ಊಟ, ಮಕ್ಕಳ ಬಟ್ಟೆ ಕೈಗೆ ಬಾರದ ಬೆಳೆಯ ಭರವಸೆಯ ಮೇಲೆ ನಡೆದುಹೋಗುತ್ತವೆ. ಮದುವೆಯ ಮುಯ್ಯಿಯೂ ಬಿಡುವಂಥದ್ದಲ್ಲ. ಹಿಂದೆ ನೆಂಟರು ನಮಗೆ ಹಾಕಿದಷ್ಟಾದರೂ ಹಾಕಬೇಕು. ಇದನ್ನೆಲ್ಲ ದುಂದುವೆಚ್ಚವೆಂದು ಬೈಯುವುದು ಅನ್ಯಾಯ. ಕಷ್ಟಕಾಲದಲ್ಲಿ ಕೈಹಿಡಿಯುವವರು ಈ ನೆಂಟರೇ. ಆದ್ದರಿಂದ ಜಾತ್ರೆ-ಮುಯ್ಯಿಗೂ ಬಜೆಟ್ಟಿನಲ್ಲಿ ಮೊದಲೇ ಹಣ ಎತ್ತಿಡಬೇಕು.

ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರ ಕಷ್ಟ ಬೇರೆ. ಕೂಲಿ ಸೀರೆ ಲೆಕ್ಕದ್ದು, ಮಗ್ಗ ನಿಂತರೆ ಆದಾಯವೂ ನಿಂತಿತು.

ಹೊಲವಿರಲಿ, ಮಗ್ಗವಿರಲಿ, ಕೈ ಬರಿದಾದಾಗ ಲೆಕ್ಕವೂ ತಪ್ಪುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ, 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟಾವಿಗೆ ಮುಂಚೆ ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದ ರೈತರೇ ಕಟಾವಾದ ಮೇಲೆ ಚುರುಕಾಗಿ ಉತ್ತರಿಸಿದರು. ಹಾಗಾಗಿ ವರ್ಷದ ಬಜೆಟ್ ಬರೆಯಲು ಬಿತ್ತನೆಯ ಗಡಿಬಿಡಿಯ ಜೂನ್ ತಕ್ಕ ಕಾಲವಲ್ಲ, ಶೇಂಗಾ ಮಾರಿದ ವಾರವೇ ತಕ್ಕದ್ದು.

ಒಂದು ಲೆಕ್ಕ ನೋಡಬಹುದು. ಹಳೆಯ ಬಾಕಿ ತೀರಿಸಿದ ಮೇಲೆ 1,20,000 ರೂಪಾಯಿ ಉಳಿಯಿತೆಂದುಕೊಳ್ಳೋಣ. ಹನ್ನೆರಡು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 10,000. ಆದರೆ ಮುಂದಿನ ಬಿತ್ತನೆಗೆ 35,000, ಶಾಲೆ ಶುರುವಾಗುವ ಹೊತ್ತಿಗೆ 10,000, ಜಾತ್ರೆ-ಮುಯ್ಯಿಗೆ 15,000 ಎತ್ತಿಟ್ಟರೆ ತಿಂಗಳಿಗೆ ಸಿಗುವುದು 5,000 ಮಾತ್ರ. 10,000 ಇದೆ ಎಂದು ನಂಬಿ ಹೊರಟ ಮನೆ ಬಿತ್ತನೆ ಮುಗಿಯುವ ಹೊತ್ತಿಗೆ ಸಾಲದ ಬಾಗಿಲಿಗೆ ಬರುತ್ತದೆ. ಹಾಲು, ಕುರಿ, ಕೂಲಿಯ ದುಡ್ಡು, 2023ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿ ದಿನಸಿಗೆ ಆಸರೆಯಾಗುತ್ತವೆ. ಬಿತ್ತನೆಯ ಗಂಟನ್ನು ಮುಟ್ಟದಿರಲು ಇವೇ ದಾರಿ.

ಕಿರುಸಾಲದ ಕಂತು ವಾರಕ್ಕೊಮ್ಮೆ ಬಂದರಂತೂ ವರ್ಷದ ಆದಾಯಕ್ಕೆ ಅದು ಹೊಂದುವುದೇ ಇಲ್ಲ. ಒಂದು ಸಂಘದ ಕಂತಿಗೆ ಇನ್ನೊಂದರಲ್ಲಿ ಸಾಲ ಎತ್ತುವುದು ಹೀಗೆಯೇ. 2025ರಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ವಸೂಲಿಯ ಕಿರುಕುಳ ತಡೆಯಲು ಬಂದದ್ದು. ನೋಂದಾಯಿತ ಸಂಸ್ಥೆಗಳ ಕಂತಿನ ಹೊರೆ ಸಾಲಗಾರರ ಮೇಲೇ ಇದೆ.

ಉಳಿಸಲು ಮನೋಬಲವೊಂದನ್ನೇ ನೆಚ್ಚಬೇಕಿಲ್ಲ. ಗುರಿ ಮುಟ್ಟುವವರೆಗೆ ತೆಗೆಯಲಾಗದ ಖಾತೆ ಕೊಟ್ಟಾಗ ಜನರ ಉಳಿತಾಯ ಹೆಚ್ಚಿದ್ದನ್ನು 2006ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸ್‌ನ ಅಧ್ಯಯನ ತೋರಿಸಿತು. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಸ್ವಸಹಾಯ ಗುಂಪುಗಳು, ಆಮೇಲಿನ ಸ್ತ್ರೀಶಕ್ತಿ ಸಂಘಗಳು ಮಾಡಿದ್ದೂ ಇಂಥ ಕೆಲಸವನ್ನೇ: ದುಡ್ಡನ್ನು ಮನೆಯ ಡಬ್ಬಿಯಿಂದ ಸಂಘದ ಪುಸ್ತಕಕ್ಕೆ ಒಯ್ದವು. ಶೇಂಗಾ ಹಣಕ್ಕೆ ಬ್ಯಾಂಕಿನ ಅವಧಿ ಠೇವಣಿ ಸಾಕು. ಮಾರಿದ ವಾರವೇ ಬೇರೆ ಬೇರೆ ಅವಧಿಗೆ ಇಟ್ಟರೆ, ಬೀಜಕ್ಕೆ ಮೀಸಲಾದದ್ದು ಮೇ ಕೊನೆಗೆ, ಜಾತ್ರೆಯದ್ದು ಆಗಸ್ಟ್‌ನಲ್ಲಿ ಕೈಗೆ ಬರುತ್ತದೆ.