ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಹಳೆಯ ಕಲ್ಲುಗಣಿಗಳಲ್ಲಿ ಖನಿಜ ಸ್ಫಟಿಕ ಸಂಗ್ರಹಣೆ: ಸಾರ್ವಜನಿಕ ಮಾಹಿತಿ

ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕೆಲಸ ನಿಂತಿರುವ ಕಲ್ಲುಗಣಿಗಳಿಂದ ಖನಿಜ ಸ್ಫಟಿಕಗಳ ಮಾದರಿ ಸಂಗ್ರಹಿಸಬಯಸುವ ವಿದ್ಯಾರ್ಥಿಗಳು, ಶಿಕ್ಷಕರು ಹಾಗೂ ಹವ್ಯಾಸಿಗಳ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಶಿಲೆ ಮತ್ತು ಖನಿಜಗಳು

ಹುಕ್ಕೇರಿ ಭಾಗದ ಕಪ್ಪು ಕಲ್ಲು ದಖನ್ ಬಸಾಲ್ಟ್ ಶಿಲೆಯಾಗಿದ್ದು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದ ಉಂಟಾಗಿದೆ. ಲಾವಾ ತಣಿಯುವಾಗ ಅನಿಲದ ಗುಳ್ಳೆಗಳು ಸಣ್ಣ ಪೊಳ್ಳುಗಳಾಗಿ ಉಳಿಯುತ್ತವೆ. ಮುಂದೆ ಅವುಗಳಲ್ಲಿ ಖನಿಜಯುಕ್ತ ನೀರು ಇಳಿದು ಬೆಣಚುಕಲ್ಲು, ಅಗೇಟ್, ಕ್ಯಾಲ್ಸೈಟ್ ಮತ್ತು ಜಿಯೋಲೈಟ್‌ಗಳು ಹರಳುಗಟ್ಟುತ್ತವೆ. ಗೋಕಾಕ ಜಲಪಾತದ ಬಂಡೆಗಳು ಇದಕ್ಕಿಂತ ಬಹಳ ಹಳೆಯವಾದ ಮರಳುಗಲ್ಲಿನ ಜಾತಿಯವು. ಈ ಪ್ರದೇಶದ ಭೂವಿಜ್ಞಾನವನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ವಿವರಿಸಿದ್ದಾರೆ.

ಉಕ್ಕಿನ ಚಾಕುವಿನಿಂದ ಕ್ಯಾಲ್ಸೈಟ್ ಮೇಲೆ ಗೀರು ಬೀಳುತ್ತದೆ. ಬೆಣಚುಕಲ್ಲಿನ ಮೇಲೆ ಬೀಳುವುದಿಲ್ಲ.

2. ಕಾನೂನು

ಕೆಲಸ ನಿಂತ ಮಾತ್ರಕ್ಕೆ ಗಣಿಯು ವಾರಸುದಾರರಿಲ್ಲದ ಸ್ವತ್ತಾಗುವುದಿಲ್ಲ. ಗುತ್ತಿಗೆಯ ಅವಧಿ ಇನ್ನೂ ಚಾಲ್ತಿಯಲ್ಲಿರಬಹುದು. 1957ರ ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ 4ನೇ ಪ್ರಕರಣದ ಮೇರೆಗೆ ಅನುಮತಿಯಿಲ್ಲದೆ ಖನಿಜ ತೆಗೆಯುವುದು, ಸಾಗಿಸುವುದು ಹಾಗೂ ದಾಸ್ತಾನು ಮಾಡುವುದು ನಿಷಿದ್ಧ. 21ನೇ ಪ್ರಕರಣದನ್ವಯ 5 ವರ್ಷಗಳವರೆಗೆ ಕಾರಾವಾಸ ಮತ್ತು ಹೆಕ್ಟೇರಿಗೆ ರೂ. 5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಜಮೀನಿನ ಮಾಲೀಕರ ಒಪ್ಪಿಗೆಯೊಂದೇ ಅನುಮತಿಗೆ ಬದಲಾಗಲಾರದು.

ಅಗೇಟ್, ಕ್ಯಾಲ್ಸೈಟ್ ಮತ್ತು ಬೆಣಚುಕಲ್ಲುಗಳನ್ನು 2015ರಲ್ಲಿ ಉಪಖನಿಜಗಳೆಂದು ಘೋಷಿಸಲಾಯಿತು. 2025ರ ಫೆಬ್ರವರಿಯಲ್ಲಿ ಬೆಣಚುಕಲ್ಲನ್ನು ಪುನಃ ಪ್ರಧಾನ ಖನಿಜಗಳ ವರ್ಗಕ್ಕೆ ಸೇರಿಸಲಾಗಿದೆ. ಎರಡು ವರ್ಗಗಳಿಗೆ ಅನ್ವಯಿಸುವ ನಿಯಮಗಳು ಬೇರೆಯಾದುದರಿಂದ ಅರ್ಜಿಯಲ್ಲಿ ಖನಿಜದ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಅವಶ್ಯ.

ಕಾಯ್ದಿಟ್ಟ ಅರಣ್ಯ ಹಾಗೂ ಘಟಪ್ರಭಾ ಪಕ್ಷಿಧಾಮದ ವ್ಯಾಪ್ತಿಯಲ್ಲಿ ಅರಣ್ಯ ಮತ್ತು ವನ್ಯಜೀವಿ ಕಾನೂನುಗಳೂ ಅನ್ವಯಿಸುತ್ತವೆ.

3. ಅನುಸರಿಸಬೇಕಾದ ಕ್ರಮ

(ಅ) ಪಹಣಿ ಮತ್ತು ಗ್ರಾಮನಕ್ಷೆಯಿಂದ ಸ್ಥಳದ ಸರ್ವೆ ನಂಬರನ್ನು ಖಚಿತಪಡಿಸಿಕೊಳ್ಳುವುದು.
(ಆ) ಗುತ್ತಿಗೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೆಳಗಾವಿ ಜಿಲ್ಲಾ ಕಚೇರಿಯಲ್ಲಿ ವಿಚಾರಿಸುವುದು. 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿಯೂ ಈ ಮಾಹಿತಿ ಪಡೆಯಬಹುದು.
(ಇ) ಖನಿಜದ ಹೆಸರು, ಪ್ರಮಾಣ, ಉದ್ದೇಶ ಮತ್ತು ದಿನಾಂಕಗಳನ್ನು ತಿಳಿಸಿ ಅರ್ಜಿ ಸಲ್ಲಿಸುವುದು. ಗುತ್ತಿಗೆದಾರರು ಅಥವಾ ಜಮೀನಿನ ಮಾಲೀಕರ ಲಿಖಿತ ಒಪ್ಪಿಗೆಯನ್ನು ಲಗತ್ತಿಸುವುದು.
(ಈ) ಲಿಖಿತ ಅನುಮತಿ ದೊರೆಯುವವರೆಗೆ ಯಾವುದೇ ಮಾದರಿಯನ್ನು ತೆಗೆಯತಕ್ಕದ್ದಲ್ಲ. ನೋಡುವುದು, ಛಾಯಾಚಿತ್ರ ತೆಗೆಯುವುದು ಮಾತ್ರ ಉದ್ದೇಶವಾಗಿದ್ದರೂ ಸ್ಥಳ ಪ್ರವೇಶಕ್ಕೆ ಒಪ್ಪಿಗೆ ಅಗತ್ಯ.

4. ಸುರಕ್ಷತೆ

ಮಳೆನೀರು ತುಂಬಿದ ಗಣಿಹೊಂಡಗಳ ಅಂಚು ಕಡಿದಾಗಿದ್ದು, ಒಳಗೆ ಬಿದ್ದವರಿಗೆ ಕಾಲೂರಲು ಮೆಟ್ಟಿಲಾಗಲಿ ಇಳಿಜಾರಾಗಲಿ ಸಿಗುವುದಿಲ್ಲ. ಈಜು ಬಲ್ಲವರೂ ಇಳಿಯಬಾರದು. ಸಿಡಿತದಿಂದ ಬಿರುಕುಬಿಟ್ಟ ಗೋಡೆಗಳ ಬುಡದಲ್ಲಿ ನಿಲ್ಲಬಾರದು. ಸಿಡಿಯದೆ ಉಳಿದ ಮದ್ದು ಅಥವಾ ತಂತಿ ಕಂಡುಬಂದಲ್ಲಿ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು. ಒಬ್ಬರೇ ಹೋಗಬಾರದು, ಮಕ್ಕಳನ್ನು ಹಿರಿಯರಿಲ್ಲದೆ ಕಳುಹಿಸಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.