ಗಾಯ ಮೊದಲು, ನಿಯಮ ಆಮೇಲೆ: ಕೆಮಿಸ್ಟ್ರಿ ಲ್ಯಾಬಿನ ಇನ್ನೊಂದು ಚರಿತ್ರೆ

ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡವರಿಗೆ ಕೆಮಿಸ್ಟ್ರಿ ಲ್ಯಾಬಿನ ನಿಯಮಗಳು ಗೊತ್ತು. ಯಾವುದನ್ನೂ ರುಚಿ ನೋಡಬೇಡಿ. ಪಿಪೆಟ್ಟನ್ನು ಬಾಯಿಂದ ಎಳೆಯಬೇಡಿ. ಕನ್ನಡಕ, ಕೋಟು ಇಲ್ಲದೆ ಒಳಗೆ ಬರಬೇಡಿ. ಇವನ್ನು ರೆಕಾರ್ಡ್ ಬುಕ್ಕಿನ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡು ಮರೆಯುವುದೇ ರೂಢಿ. ಈ ಸಾಲುಗಳು ಹುಟ್ಟಿದ ಕತೆಯನ್ನು ಮಾತ್ರ ಯಾವ ಪ್ರಾಕ್ಟಿಕಲ್ ಕ್ಲಾಸಿನಲ್ಲೂ ಹೇಳುವುದಿಲ್ಲ.

ರುಚಿಯಿಂದಲೇ ಶುರುಮಾಡೋಣ. 18ನೇ ಶತಮಾನದಲ್ಲಿ ಒಂದು ವಸ್ತುವನ್ನು ಗುರುತಿಸಲು ಅದರ ಬಣ್ಣ, ವಾಸನೆಯ ಜೊತೆಗೆ ರುಚಿಯನ್ನೂ ಬರೆದಿಡುತ್ತಿದ್ದರು. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ ಮಾರಕ ವಿಷವಾದ ಹೈಡ್ರೋಜನ್ ಸಯನೈಡಿನ ರುಚಿ ಹೇಗಿದೆ ಎಂದೂ ದಾಖಲಿಸಿದ್ದ. 1786ರಲ್ಲಿ ಸತ್ತಾಗ ಅವನಿಗೆ ಕೇವಲ 43 ವರ್ಷ.

ಫ್ರಾನ್ಸಿನ ಪಿಯೇರ್ ಡ್ಯೂಲಾಂಗ್ 1811ರ ಸುಮಾರಿಗೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸ್ಫೋಟಕ ದ್ರವವನ್ನು ಕಂಡುಹಿಡಿದ. ಅದು ಅವನ ಒಂದು ಕಣ್ಣನ್ನೂ ಕೈಬೆರಳುಗಳನ್ನೂ ಬಲಿ ತೆಗೆದುಕೊಂಡಿತು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. ಅಲ್ಲಿ ಹಂಫ್ರಿ ಡೇವಿ ಅದೇ ದ್ರವವನ್ನು ತಯಾರಿಸಲು ಹೋಗಿ 1812ರಲ್ಲಿ ಕಣ್ಣಿಗೆ ಗಾಯ ಮಾಡಿಕೊಂಡ. ಅವನ ಪರವಾಗಿ ಬರೆದುಕೊಡಲು ಬಂದ ಹುಡುಗನೇ ಮೈಕೆಲ್ ಫ್ಯಾರಡೆ. ಈ ಭಾಗವನ್ನು ಅದೃಷ್ಟದ ಕತೆಯಾಗಿ ಎಲ್ಲರೂ ಹೇಳುತ್ತಾರೆ. ಒಬ್ಬನ ಕಣ್ಣು ಹೋದದ್ದು ಗೊತ್ತಿದ್ದೂ ಇನ್ನೊಬ್ಬ ಅದನ್ನೇ ಮಾಡಲು ಹೋದ ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಆ ಕಾಲದಲ್ಲಿ ಗಾಯವೆಂದರೆ ಧೈರ್ಯದ ಗುರುತು.

ಇವರೆಲ್ಲ ತಿಳಿದವರು, ತಮ್ಮ ಜೀವದ ಜೊತೆ ತಾವೇ ಆಟವಾಡಿದವರು. ವಿದ್ಯಾರ್ಥಿಗಳು ಈ ಕತೆಯೊಳಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಜರ್ಮನಿಯ ಗೀಸೆನ್ ಎಂಬ ಸಣ್ಣ ಊರಿನಿಂದ. 1824ರಲ್ಲಿ, 21ನೇ ವಯಸ್ಸಿಗೇ ಅಲ್ಲಿ ಪ್ರಾಧ್ಯಾಪಕನಾದ ಯುಸ್ಟುಸ್ ಲೀಬಿಗ್, ಹಳೆಯ ಕಾವಲುಪಡೆಯ ಕಟ್ಟಡದಲ್ಲಿ ಲ್ಯಾಬ್ ತೆರೆದ. ಅದುವರೆಗೆ ಮೇಷ್ಟ್ರು ಪ್ರಯೋಗ ಮಾಡಿ ತೋರಿಸಿದರೆ ಹುಡುಗರು ದೂರ ಕೂತು ನೋಡುವುದೇ ಹೆಚ್ಚು. ಗೀಸೆನ್ನಿನಲ್ಲಿ ಹುಡುಗರೇ ಕೈ ಹಾಕಿದರು. ಇಂದಿನ ಪ್ರಾಕ್ಟಿಕಲ್ ಕ್ಲಾಸಿನ ಮೂಲ ಅಲ್ಲಿದೆ. 1842ರ ಸುಮಾರಿಗೆ ಬರೆದ ಆ ಲ್ಯಾಬಿನ ಚಿತ್ರವೊಂದು ಪ್ರಸಿದ್ಧ. ಅದರಲ್ಲಿ ಕೋಟು, ಟೋಪಿ ತೊಟ್ಟ ಯುವಕರಿದ್ದಾರೆ. ಕಣ್ಣು ಕಾಯುವ ಕನ್ನಡಕ ಮಾತ್ರ ಇಲ್ಲ. ಕೆಮಿಸ್ಟ್ ಆಗಬೇಕಾದರೆ ಆರೋಗ್ಯ ಹಾಳುಮಾಡಿಕೊಳ್ಳಲೇಬೇಕು ಎಂದು ಲೀಬಿಗ್ ತನಗೆ ಹೇಳಿದ್ದನ್ನು ಶಿಷ್ಯ ಕೆಕುಲೆ ಮುಪ್ಪಿನಲ್ಲಿ ನೆನೆದಿದ್ದ. ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ಕೂಡ ಆರ್ಸೆನಿಕ್ ಸಂಯುಕ್ತವೊಂದರ ಸ್ಫೋಟದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡವನೇ.

ಗೀಸೆನ್ನಿನಿಂದ ನಮ್ಮ ಕಾಲೇಜುಗಳಿಗೆ ಒಂದು ನೇರ ದಾರಿ ಇದೆ. ಅದು ಸಾಲ್ಟ್ ಅನಾಲಿಸಿಸ್. ಲೀಬಿಗ್‌ನ ಸಹಾಯಕನಾಗಿದ್ದ ಫ್ರೆಸೇನಿಯಸ್ 1841ರಲ್ಲಿ ಪ್ರಕಟಿಸಿದ ಪುಸ್ತಕ, ಲೋಹಗಳನ್ನು ಗುಂಪು ಗುಂಪಾಗಿ ಬೇರ್ಪಡಿಸುವ ಕ್ರಮಕ್ಕೆ ಬುನಾದಿ ಹಾಕಿತು. ಅದರಲ್ಲಿ ಮುಖ್ಯ ಪಾತ್ರ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಕೊಳೆತ ಮೊಟ್ಟೆಯ ವಾಸನೆ ಬರುವ ಈ ಅನಿಲ ಬೇಕೆಂದಾಗ ಸಿಗಲೆಂದು ಡಚ್ಚರ ಕಿಪ್ 1844ರಲ್ಲಿ ಮೂರು ಗಾಜಿನ ಬುರುಡೆಗಳ ಉಪಕರಣ ರೂಪಿಸಿದ. ಹಳೆಯ ಲ್ಯಾಬುಗಳಲ್ಲಿ ಓದಿದವರಿಗೆ ಅದರ ಹೆಸರಿಗಿಂತ ವಾಸನೆಯೇ ಚೆನ್ನಾಗಿ ನೆನಪಿರುತ್ತದೆ.

ವಾಸನೆ ಬಂದರೆ ಅಪಾಯ, ನಿಂತರೆ ಅಪಾಯವಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಈ ಅನಿಲದ ಮಟ್ಟಿಗೆ ಅದು ಪ್ರಾಣಾಂತಿಕ ತಪ್ಪು. ಅನಿಲದ ಪ್ರಮಾಣ ಹೆಚ್ಚಾದಂತೆ ಮೂಗಿನ ಶಕ್ತಿಯೇ ಸತ್ತುಹೋಗುತ್ತದೆ, ವಾಸನೆ ನಿಂತಂತೆ ಅನಿಸುತ್ತದೆ. ವಿಷಗಾಳಿಯನ್ನು ಹೊರಗೆಳೆಯುವ ಗಾಜಿನ ಗೂಡಿನೊಳಗೇ ಈ ಕೆಲಸ ಮಾಡಿ ಎನ್ನುವುದು ಅದಕ್ಕೇ. ಗೂಡು ಇದ್ದು ಫ್ಯಾನು ಕೆಟ್ಟಿದ್ದರೆ ಅದು ಬರೀ ಬೀರು.

ಆಸಿಡ್ ವಿಷಯವೂ ಹಾಗೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು ಎಂದು ಬಾಯಿಪಾಠ ಮಾಡುತ್ತೇವೆ. ಗಂಧಕಾಮ್ಲ ನೀರಿನೊಂದಿಗೆ ಬೆರೆತಾಗ ಭಾರೀ ಶಾಖ ಹುಟ್ಟುತ್ತದೆ. ನೀರು ಹಗುರ. ಆಸಿಡ್‌ಗೆ ಸುರಿದರೆ ಅದು ಮೇಲೆಯೇ ಉಳಿದು, ಅಲ್ಲೇ ಕುದಿದು, ಆಸಿಡನ್ನು ಹೊತ್ತು ಮುಖಕ್ಕೆ ಸಿಡಿಯುತ್ತದೆ. ಕಾರಣ ತಿಳಿದವನು ಕ್ರಮವನ್ನು ಮರೆಯುವುದಿಲ್ಲ.

ಇವೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ವಿಷಲೋಹಗಳ ಬಗ್ಗೆ ಹೆಸರಾಂತ ತಜ್ಞೆ. 1996ರ ಆಗಸ್ಟಿನಲ್ಲಿ ಅವರ ಕೈಗವಸಿನ ಮೇಲೆ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಬಿತ್ತು. ಅವರು ಆಗಿನ ನಿಯಮದಂತೆ ಕೈಗವಸು ಹಾಕಿಕೊಂಡೇ ಇದ್ದರು. ಆ ರಬ್ಬರನ್ನು ಈ ದ್ರವ ಕ್ಷಣಗಳಲ್ಲಿ ದಾಟುತ್ತದೆ ಎಂಬುದು ಪರೀಕ್ಷೆಯಿಂದ ಗೊತ್ತಾದದ್ದು ಆಮೇಲೆ. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರಲ್ಲಿ, ಗಾಳಿ ತಾಗಿದರೆ ಹೊತ್ತಿಕೊಳ್ಳುವ ರಾಸಾಯನಿಕ ಚೆಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಗೆ ಬೆಂಕಿ ಹತ್ತಿತು. ಆಕೆ ಲ್ಯಾಬ್ ಕೋಟು ಹಾಕಿರಲಿಲ್ಲ. 18 ದಿನಗಳ ನಂತರ ಆಕೆ ಉಳಿಯಲಿಲ್ಲ. ಅಲ್ಲಿ ಚರ್ಚೆ ಹುಡುಗಿ ಕೋಟು ಏಕೆ ಹಾಕಲಿಲ್ಲ ಎಂಬಲ್ಲಿಗೆ ನಿಲ್ಲಲಿಲ್ಲ. ತರಬೇತಿ ಯಾರು ಕೊಡಬೇಕಿತ್ತು, ತಪಾಸಣೆಯಲ್ಲಿ ಕಂಡ ಕೊರತೆ ಏಕೆ ಸರಿಯಾಗಲಿಲ್ಲ ಎಂಬ ಪ್ರಶ್ನೆ ಕೋರ್ಟಿನ ಮೆಟ್ಟಿಲು ಹತ್ತಿತು.

ಎರಡು ಶತಮಾನಗಳಲ್ಲಿ ಬದಲಾದದ್ದು ಇದೇ. ಶೀಲೆ, ಡ್ಯೂಲಾಂಗರ ಕಾಲದಲ್ಲಿ ಅಪಾಯ ಅವರವರ ಸ್ವಂತ ಹೊಣೆ. ವಿದ್ಯಾರ್ಥಿಯನ್ನು ಲ್ಯಾಬಿನೊಳಗೆ ಕರೆದ ದಿನವೇ ಅದು ಕರೆದವರ ಹೊಣೆಯೂ ಆಯಿತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಬಹಳ ವರ್ಷ ಹಿಡಿಯಿತು.

ಹಾಗಾಗಿ ಫಸ್ಟ್ ಇಯರ್ ಹುಡುಗ ಹುಡುಗಿಯರಿಂದ ನಿಯಮ ಪಾಲನೆ ನಿರೀಕ್ಷಿಸುವ ಕಾಲೇಜಿನಿಂದ ಅವರೂ ಕೆಲವನ್ನು ನಿರೀಕ್ಷಿಸಬಹುದು. ಕಣ್ಣು ತೊಳೆಯಲು ಹರಿಯುವ ನಲ್ಲಿನೀರು ಇದೆಯೇ? ಗೂಡಿನ ಫ್ಯಾನು ತಿರುಗುತ್ತದೆಯೇ? ಪಿಪೆಟ್ಟಿಗೆ ರಬ್ಬರ್ ಬಲ್ಬ್ ಕೊಡುತ್ತಾರೆಯೇ? ಬಾಟಲಿಗಳ ಮೇಲೆ ಹೆಸರಿನ ಚೀಟಿ ಉಳಿದಿದೆಯೇ? ದಿನವಿಡೀ ಆ ಗಾಳಿಯಲ್ಲೇ ಇರುವ ಅಟೆಂಡರ್‌ಗೆ ಕೈಗವಸು ಸಿಕ್ಕಿದೆಯೇ? ಇವನ್ನು ಕೇಳುವುದು ಅಧಿಕಪ್ರಸಂಗವಲ್ಲ. ಪ್ರಾಕ್ಟಿಕಲ್ಲಿನ ಮೊದಲ ಪಾಠವೇ ಅದು.