ರೌಮ್‌ಡಾಯ್ಟರ್

ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದ ಹಲವು ಆವೃತ್ತಿಗಳಲ್ಲಿ ತಂತ್ರ ಹೆಣೆಯಲು ಕೂತವರಿಗೆ ಎದುರಾಗುವ ಜರ್ಮನ್ ಪದವಿದು. 'ರೌಮ್' ಎಂದರೆ ಜಾಗ, 'ಡಾಯ್ಟರ್' ಎಂದರೆ ಅರ್ಥ ಬಿಡಿಸುವವನು. ಕನಸಿನ ಅರ್ಥ ಹೇಳುವವನಿಗೆ ಜರ್ಮನ್ನಿನಲ್ಲಿ 'ಟ್ರೌಮ್‌ಡಾಯ್ಟರ್' ಎನ್ನುತ್ತಾರೆ; ಮೊದಲ ಅಕ್ಷರ ಉದುರಿಸಿದರೆ ನಮ್ಮ ಪದ ಸಿದ್ಧ. ಆಗ ಬಯರ್ನ್ ಮ್ಯೂನಿಕ್ ಕ್ಲಬ್‌ನ ಆಟಗಾರನಾಗಿದ್ದ ಥಾಮಸ್ ಮ್ಯೂಲರ್ 2011ರಲ್ಲಿ ತನ್ನನ್ನೇ ಹೀಗೆ ಕರೆದುಕೊಂಡ. ಅವನ ಬಳಿ ಡ್ರಿಬ್ಲಿಂಗ್ ಮೋಡಿಯಿರಲಿಲ್ಲ, ಮಿಂಚಿನ ವೇಗವಿರಲಿಲ್ಲ. ಆದರೂ ಗೋಲುಗಳು ಬರುತ್ತಿದ್ದವು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ 11ನೇ ನಿಮಿಷದ ಕಾರ್ನರ್ ನೋಡಿ: ಪೆನಾಲ್ಟಿ ಆವರಣದಲ್ಲಿ ನೂಕುನುಗ್ಗಲು, ಮ್ಯೂಲರ್ ಮಾತ್ರ ಒಂಟಿ. ಬಂದ ಚೆಂಡನ್ನು ಬಲಗಾಲಿನಿಂದ ಒಳಗೆ ತಳ್ಳುವುದಷ್ಟೇ ಉಳಿದಿತ್ತು.

ಒಬ್ಬನ ತಮಾಷೆಯ ಸ್ವಪರಿಚಯವನ್ನು ಆಟ ಒಂದು ಹುದ್ದೆಯಾಗಿ ಮಾಡಿದಾಗ ಪದದ ಅರ್ಥ ಕಿರಿದಾಯಿತು ಎಂಬುದು ನನ್ನ ವಾದ. ಆ ಆವೃತ್ತಿಗಳಲ್ಲಿ ಈ ಪಾತ್ರ ಸಿಗುವುದು ಮುಂಚೂಣಿಯ ಎಡ ಅಥವಾ ಬಲ ಅಂಚಿನಲ್ಲಿ ಮಾತ್ರ, ಅದೂ ದಾಳಿಯ ಕರ್ತವ್ಯದೊಂದಿಗೆ. ನಿಜವಾದ ಮ್ಯೂಲರ್ ಬಲ ಅಂಚಿನಲ್ಲೂ ಆಡಿದ, ಸ್ಟ್ರೈಕರ್‌ನ ಬೆನ್ನಿಗೂ ಆಡಿದ. ಕಂಪ್ಯೂಟರಿಗೆ ಖಚಿತ ಸೂಚನೆ ಬೇಕಲ್ಲ, ಅಂಚಿನಿಂದ ಒಳನುಸುಳುವವನಿಗೊಂದು ಹೆಸರು ಬೇಡವೇ ಎನ್ನಬಹುದು. ಬೇಕು, ಒಪ್ಪೋಣ. ಆದರೆ ಅಂಥವನಿಗೆ 'ಇನ್‌ಸೈಡ್ ಫಾರ್ವರ್ಡ್' ಎಂಬ ಹೆಸರು ಆಗಲೇ ಇತ್ತು. ಮ್ಯೂಲರ್ ಹೇಳಿದ್ದು ನಿಲ್ಲುವ ಸ್ಥಾನವನ್ನಲ್ಲ, ಓದುವ ಬುದ್ಧಿಯನ್ನು. ಆ ಬುದ್ಧಿಗೆ ಆಟದಲ್ಲೇ ಬೇರೆ ಗುಣಾಂಕಗಳಿವೆ, ಮುನ್ನರಿವು ಮತ್ತು ಚೆಂಡಿಲ್ಲದ ಚಲನೆ. ಅವೆರಡೂ ಕಡಿಮೆಯಿರುವ ವಿಂಗರ್‌ಗೆ ಈ ಪಟ್ಟ ಕಟ್ಟಿದರೆ ಅವನು ಪಂದ್ಯವಿಡೀ ಅಲೆಯುತ್ತಾನೆ, ಹಿಂದಿನ ಫುಲ್‌ಬ್ಯಾಕ್ ಒಬ್ಬಂಟಿಯಾಗಿ ಏಟು ತಿನ್ನುತ್ತಾನೆ.